ಹೊಸ್ತಿಲು ದಾಟದ ಗುಂಡು

ಬದರೀನಾಥ ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಮಾಡಿದ್ದು ‘ತರುವುದಿಲ್ಲ’ ಎಂದು, ‘ಮಾಡುವುದಿಲ್ಲ’ ಎಂದಲ್ಲ. ಈ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿ ಒಬ್ಬ ವಿದ್ಯಾವಂತ ಎಷ್ಟು ದೂರ ತೆವಳಬಲ್ಲ ಎಂಬುದಕ್ಕೆ ನಾರ್ತ್‌ವಿಲ್‌ನಲ್ಲಿರುವ ಅವನ ಮನೆಯ ಬೇಸ್‌ಮೆಂಟೇ ಸಾಕ್ಷಿ.

ಬದರಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನು. ಡೆಟ್ರಾಯಿಟ್‌ನ ಹೊರವಲಯದಲ್ಲಿ ಕಾರಿಗೆ ಬಳಿಯುವ ಬಣ್ಣದ ಲ್ಯಾಬಿನಲ್ಲಿ ಕೆಲಸ. ಬಣ್ಣದ ಪುಡಿಯನ್ನು ದಶಮಾಂಶದ ನಾಲ್ಕನೇ ಸ್ಥಾನದವರೆಗೆ ತೂಗಿ, ಐದನೇ ಸ್ಥಾನ ಕಾಣಲಿಲ್ಲವಲ್ಲ ಎಂದು ನಿಟ್ಟುಸಿರು ಬಿಡುವ ಜಾತಿ. ಶನಿವಾರ ಬೆಳಿಗ್ಗೆ, ಅಲ್ಲಿ ಸಬ್‌ಡಿವಿಷನ್ ಎನ್ನುವ ತನ್ನ ಬಡಾವಣೆಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ. ಅವನ ನಿಯಮ ಒಂದೇ: ಕನ್ನಡದಲ್ಲಿ ಪದವಿದ್ದರೆ ಇಂಗ್ಲಿಷ್ ಪದ ಬಾಯಿಗೆ ಬರಕೂಡದು. ಕಾರಿನಲ್ಲಿ ಹೆಂಡತಿ ಲತಾಶ್ರೀಗೆ ದಾರಿ ಹೇಳುವಾಗಲೂ “ಮುಂದಿನ ನಿರ್ಗಮನದಲ್ಲಿ ಬಲಕ್ಕೆ” ಎನ್ನುತ್ತಿದ್ದ. ಅವಳು “ಏನಂದ್ರಿ?” ಎನ್ನುವಷ್ಟರಲ್ಲಿ ಎಕ್ಸಿಟ್ ಹಿಂದೆ ಸರಿದು, ಮುಂದಿನ ಎಕ್ಸಿಟ್‌ಗೆ ಆರು ಮೈಲಿ ಇರುತ್ತಿತ್ತು. ಮಗಳು ಸಿಯಾಳ ಗೆಳತಿಯರು ಅವನಿಗೆ ಬೆನ್ನ ಹಿಂದೆ ಇಟ್ಟ ಹೆಸರು ಡಿಕ್ಷನರಿ ಅಂಕಲ್.

ಇಂಥವನನ್ನು ಕಳೆದ ಬೇಸಿಗೆಯಲ್ಲಿ ಕಲ್ಮೇಶ್ ಎಂಬ ಸ್ನೇಹಿತ ಕೋವಿಯಿಂದ ಗುರಿ ಹೊಡೆಯುವ ರೇಂಜಿಗೆ ಕರೆದೊಯ್ದ. ಕಲ್ಮೇಶ್ ಗೋಕಾಕದ ಕಡೆಯವನು. ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಗ್ಯಾಸ್ ಸ್ಟೇಷನ್ ಇಟ್ಟುಕೊಂಡು, ಬಿಡುವಾದಾಗಲೆಲ್ಲ ಗುರಿಯ ಪಂದ್ಯಗಳಿಗೆ ಊರೂರು ಸುತ್ತುವವನು. ಸೊಳ್ಳೆ ಹೊಡೆಯುವ ಮೊದಲು ಮನಸ್ಸಿನಲ್ಲೇ ಕ್ಷಮೆ ಕೇಳುವ ಬದರಿಗೆ ಕೋವಿಯಲ್ಲಿ ಹಿಂಸೆಯೇನೂ ಕಾಣಲಿಲ್ಲ. ಇನ್ನೂರು ಗಜ ಉದ್ದದ ತಕ್ಕಡಿ ಕಂಡಿತು. ಒಂದು ತುದಿಯಲ್ಲಿ ತಾನು, ಇನ್ನೊಂದು ತುದಿಯಲ್ಲಿ ಕಾಗದದ ಮೇಲಿನ ಕಪ್ಪು ಚುಕ್ಕೆ, ನಡುವೆ ಶುದ್ಧ ಭೌತಶಾಸ್ತ್ರ. ಅವತ್ತೇ ಕ್ಲಬ್ಬಿಗೆ ಸೇರಿದ.

ಅವತ್ತು ಅಲ್ಲಿದ್ದ ಪಂದ್ಯ ಮುಗಿದ ಮೇಲೆ ಗೆದ್ದವರು ಕುಣಿದರು, ಅಕ್ಕಪಕ್ಕದವರ ಮೇಲೆಲ್ಲ ಬಿಯರ್ ಚೆಲ್ಲಾಡಿದರು. ಬದರಿ ನಿಂಬೆ ಶರಬತ್ತು ಕುಡಿದು ಮನೆಗೆ ಬಂದ. ಹುಟ್ಟಿದಾಗಿನಿಂದ ಅವನ ಗಂಟಲಲ್ಲಿ ಇಳಿದ ಅತಿ ಘಾಟಿನ ಪದಾರ್ಥ ಶುಂಠಿ ಕಷಾಯ. ಬಾಗಿಲಲ್ಲೇ ಲತಾಶ್ರೀ ಮೂಗು ಅರಳಿಸಿ, ಇದೇನು ವಾಸನೆ ಎಂದು ಕೇಳಿದಳು. ಅಂಗಿಗೆಲ್ಲ ಮದ್ದಿನ ಹೊಗೆ ಹಿಡಿದಿದೆಯೆಂದು ಅವನಿಗೆ ಗೊತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲ. ಗುಂಡು ಎಂದು ಒಪ್ಪಿಕೊಂಡ. ಎಷ್ಟು ಎಂದಳು. ಇಪ್ಪತ್ತು ಎಂದ. ಅವಳು ಮೆಟ್ಟಿಲ ಮೇಲೆ ಕುಸಿದಳು. ಪಾಪ, ಕೋವಿಯ ಸುದ್ದಿ ಕೇಳಿದರೇ ಇಷ್ಟು ಹೆದರುತ್ತಾಳಲ್ಲ ಎಂದು ಬದರಿಗೆ ಕನಿಕರವಾಯಿತು.

ಸುಧಾರಿಸಿಕೊಂಡ ಮೇಲೆ ಲತಾಶ್ರೀ ಎದ್ದು ನಿಂತಳು. “ನೋಡಿ, ನೀವು ರೇಂಜಿಗೆ ಹೋಗೋದಕ್ಕೆ ನಾನು ಅಡ್ಡ ಬರಲ್ಲ. ಆದ್ರೆ ಹೆಣ್ಣುಮಗು ಬೆಳೀತಿರೋ ಮನೆ ಇದು. ಗುಂಡು ಈ ಹೊಸ್ತಿಲು ದಾಟಕೂಡದು. ಮನೆಗೆ ಗುಂಡು ತರಲ್ಲ ಅಂತ ಮಂಜುನಾಥನ ಮೇಲೆ ಆಣೆ ಮಾಡಿ.”

ಮಾಡಿದ. ಕೋರ್ಟಿಗಾದರೆ ಅಪೀಲು ಉಂಟು, ಮಂಜುನಾಥನಿಗೆ ಇಲ್ಲ. ಕೋವಿ ಕೊಂಡಾಗಲೂ ಅದನ್ನು ಕ್ಲಬ್ಬಿನ ಬೀರುವಿನಲ್ಲೇ ಬೀಗ ಹಾಕಿಟ್ಟ. ಗುಂಡನ್ನು ಕ್ಲಬ್ಬಿನ ಕೌಂಟರಿನಲ್ಲಿ ಕೊಂಡು ಅಲ್ಲೇ ಮುಗಿಸಿ ಬರುತ್ತಿದ್ದ. ಸಂಸಾರ ಹೀಗೇ ನಡೆದುಹೋಗುತ್ತಿತ್ತು. ನಡುವೆ ಕಲ್ಮೇಶ್ ಬಾಯಿಬಿಟ್ಟ.

“ಸರ, ಅಂಗಡಿ ಗುಂಡು ಅಂದ್ರ ಹೋಟೆಲ್ ಸಾಂಬಾರ್ ಇದ್ದಂಗ. ಎಲ್ಲಾರಿಗೂ ನಡೀತೈತಿ, ಯಾರಿಗೂ ರುಚಿ ಹತ್ತಂಗಿಲ್ಲ. ಗೆಲ್ಲಬೇಕಂದ್ರ ಮನ್ಯಾಗ ಕುಂತು ನಾವ ಕಟ್ಟಬೇಕು.”

ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳನ್ನು ತೊಳೆದು ಒಣಗಿಸಿ, ಅಚ್ಚಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತಂದು, ಬುಡದಲ್ಲಿ ಹೊಸ ಕಿಡಿಬಿಲ್ಲೆ ಕೂರಿಸಿ, ಮದ್ದನ್ನು ತೂಗಿ ತುಂಬಿ, ಬಾಯಿಗೆ ಸೀಸದ ಮೊನೆ ಒತ್ತಿದರೆ ಗುಂಡು ಮತ್ತೆ ಸಿದ್ಧ ಎಂದು ಅವನು ವಿವರಿಸಿದ. ‘ತೂಗಿ’ ಎಂಬ ಮಾತಿಗೆ ಬದರಿಯ ಮೈ ಜುಮ್ಮೆಂದಿತು. ಅಕ್ಕಸಾಲಿಯ ಗುಂಜಿಯ ಅರ್ಧದಷ್ಟೇ ಇರುವ ‘ಗ್ರೇನ್’ ಎಂಬ ಅಳತೆಯಲ್ಲಿ, ಅದರಲ್ಲೂ ಹತ್ತನೇ ಒಂದು ಭಾಗದವರೆಗೆ ತೂಗಬೇಕಂತೆ. ಇಷ್ಟು ವರ್ಷ ತಾನು ಬಣ್ಣದ ಪುಡಿಯ ಮೇಲೆ ಹಾಳುಮಾಡಿದ ಆಯುಷ್ಯಕ್ಕೆ ಈಗ ಅರ್ಥ ಬಂತು ಎನ್ನಿಸಿತು.

ಆಣೆ? ಅದಕ್ಕೂ ಬದರಿ ಲ್ಯಾಬಿನ ಶಿಸ್ತಿನಿಂದ ಉತ್ತರ ಹುಡುಕಿದ. ಅಕ್ಕಿಯನ್ನೂ ಉದ್ದನ್ನೂ ಬೇರೆ ಬೇರೆ ಚೀಲದಲ್ಲಿ ತಂದವನನ್ನು ಇಡ್ಲಿ ತಂದ ಎನ್ನುತ್ತಾರೆಯೇ? ಇಲ್ಲ. ಖಾಲಿ ತೋಟಾ ಗುಂಡಲ್ಲ, ಮದ್ದು ಗುಂಡಲ್ಲ, ಕಿಡಿಬಿಲ್ಲೆ ಗುಂಡಲ್ಲ. ಸೀಸದ ಮೊನೆಯ ವಿಷಯದಲ್ಲಿ ಮಾತ್ರ ಒಂದು ರಾತ್ರಿ ನಿದ್ದೆ ಬರಲಿಲ್ಲ. ಅದನ್ನು ಬಾಗಿಲವರೆಗೆ ಕೊರಿಯರ್‌ನವನು ತಂದ, ಒಳಗೆ ಲತಾಶ್ರೀಯೇ ಎತ್ತಿಟ್ಟಳು. “ಏನ್ರೀ ಇದು, ಕಲ್ಲು ತರಿಸಿದ್ರಾ?” ಎಂದು ಬೈದದ್ದೂ ಅವಳೇ. ಹಾಗಾಗಿ ತಂದವನು ತಾನಲ್ಲ. ಇನ್ನು ಅವೆಲ್ಲ ಬೇಸ್‌ಮೆಂಟಿನಲ್ಲಿ ಒಂದಾಗಿ ಗುಂಡಾದರೆ, ಅದು ಅಲ್ಲೇ ಹುಟ್ಟಿದ್ದು. ಮನೆಯಲ್ಲಿ ಹುಟ್ಟಿದ ಮಗುವನ್ನು ಮನೆಗೆ ತಂದರು ಎನ್ನುವುದಿಲ್ಲ.

ಇಷ್ಟೆಲ್ಲ ತರ್ಕ ಗಟ್ಟಿಯಿದ್ದರೂ ಲತಾಶ್ರೀಗೆ ಮಾತ್ರ ಹೇಳಲಿಲ್ಲ. ಅವಳು ವ್ಯಾಕರಣಕ್ಕೆ ಬಗ್ಗುವ ಹೆಂಗಸಲ್ಲ. ಗೊತ್ತಾದರೆ ಕೋವಿಗೇ ಕುತ್ತು. ಮೇಜಿಗೆ ಬಿಗಿದ ಕಬ್ಬಿಣದ ಪ್ರೆಸ್ಸನ್ನು ನೋಡಿ ಒಮ್ಮೆ ಅವಳು ಕೇಳಿದಾಗ, “ಒತ್ತೋ ಯಂತ್ರ” ಎಂದಷ್ಟೇ ಹೇಳಿದ್ದ. “ಚಕ್ಕುಲಿ ಒರಳಿನ ಅಣ್ಣನ ಥರ ಇದೆ” ಎಂದು ಅವಳು ಬಟ್ಟೆ ಒಗೆಯಲು ಹೋಗಿದ್ದಳು.

ಆಯುಧಪೂಜೆ ಪಂಚಾಂಗದಲ್ಲಿ ಯಾವ ವಾರ ಬಂದರೂ ನಾರ್ತ್‌ವಿಲ್‌ಗೆ ಅದು ಶನಿವಾರವೇ ಬರುತ್ತದೆ. ಸಂಜೆ ಐದಕ್ಕೆ ಅರ್ಧ ಸಬ್‌ಡಿವಿಷನ್ ಊಟಕ್ಕೆ ಬರುವುದಿತ್ತು. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಕುಂಕುಮ ಏರುವುದಿತ್ತು. ಆಯುಧವೆನ್ನಬಹುದಾದ ಒಂದೇ ವಸ್ತು ಬೇಸ್‌ಮೆಂಟಿನಲ್ಲಿ ಹಳೇ ಬೆಡ್‌ಶೀಟಿನಡಿ ಮುಖ ಮುಚ್ಚಿಕೊಂಡು ಕೂತಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಕ್ಲಬ್ಬಿನಲ್ಲಿ ಪಂದ್ಯ. ಅದಕ್ಕೆ ತನ್ನ ಕೈಯಾರೆ ಕಟ್ಟಿದ ಗುಂಡುಗಳೊಂದಿಗೆ ಹೋಗಬೇಕೆಂಬುದು ಬದರಿಯ ಹಟ. ಕಲ್ಮೇಶ್ ಆಗಲೇ ಶಿಕಾಗೋ ಬಿಟ್ಟು ದಾರಿಯಲ್ಲಿದ್ದ.

ಮಧ್ಯಾಹ್ನ ಲತಾಶ್ರೀ ಬದರಿಯ ಕೈಗೆ ದೀಪದ ಕಂಬಗಳನ್ನೂ ಒಂದು ಉಂಡೆ ಹುಣಸೆಹಣ್ಣನ್ನೂ ಕೊಟ್ಟು, “ಮುಖ ಕಾಣೋ ಹಾಗೆ ಬೆಳಗಿ” ಎಂದು ಅಪ್ಪಣೆ ಮಾಡಿ, ಹೂವು ಬೂದುಗುಂಬಳ ತರಲು ಸಿಯಾಳನ್ನು ಕರೆದುಕೊಂಡು ಹೋದಳು. ಬದರಿಗೆ ಸಂತೋಷವಾಯಿತು. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ದೀಪಕ್ಕೆ ಹಿಡಿದ ಕಿಲುಬೂ ತೋಟಾಕ್ಕೆ ಹಿಡಿದ ಕಿಲುಬೂ ಅದಕ್ಕೆ ಒಂದೇ. ಹೋದ ತಿಂಗಳಿನ ಮಸಿ ಹಿಡಿದ ಖಾಲಿ ತೋಟಾಗಳನ್ನೆಲ್ಲ ಹಳೇ ತಪ್ಪಲೆಗೆ ಸುರಿದು, ಹುಣಸೆ ಕಿವುಚಿದ ನೀರು ತುಂಬಿ, ಸಿಂಕಿನಲ್ಲಿ ನೆನೆಯಲು ಬಿಟ್ಟ. ಮೊದಲೇ ತೊಳೆದು ಒಣಗಿಸಿದ್ದ ತೋಟಾಗಳನ್ನು ಆಚೆ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕಲ್ಮೇಶ್‌ಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟ.

ಅಡುಗೆಮನೆಯಲ್ಲಿ ಎದುರುಮನೆಯ ಶುಭಾ ಕೋಸಂಬರಿಗೆ ಕ್ಯಾರೆಟ್ ತುರಿಯುತ್ತಿದ್ದಳು. ಪರರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸಿ, ಅವರ ಮನೆಗೆ ಬಂದವರೆಷ್ಟು ಎಂದು ಹೇಳಬಲ್ಲ ಗಟ್ಟಿಗಿತ್ತಿ. ಬಿಸಿಗಾಳಿ ಹಾಯಲೆಂದು ಕಟ್ಟಿದ ತಗಡಿನ ಕೊಳವೆ ಬೇಸ್‌ಮೆಂಟಿನಿಂದ ಎದ್ದು ಅಡುಗೆಮನೆಯ ನೆಲದ ಜಾಲರಿಯಲ್ಲಿ ಬಾಯಿಬಿಡುತ್ತಿತ್ತು. ಕೆಳಗಿನ ಪಿಸುಮಾತು ಅದರಲ್ಲಿ ಮೈಕಿನ ಭಾಷಣವಾಗಿ ಹೊರಬಂತು.

“ಕಲ್ಮೇಶ್ ಅವರೇ, ಮದ್ದು ಎಷ್ಟು ಹಾಕ್ಲಿ?”

“ಪುಸ್ತಕದಾಗ ಇದ್ದಷ್ಟ ಹಾಕ್ರಿ ಸರ. ಮೊದಲನೇ ಸಲ, ಕಡಿಮಿನ ಇರಲಿ. ಜಾಸ್ತಿ ಆತಂದ್ರ ಮನಷ್ಯಾ ಸತ್ತ ಹೊಕ್ಕಾನ.”

ಶುಭಾಳ ಕೈ ನಿಂತಿತು.

“ಒದೆತ ಹೇಗಿರತ್ತೆ?”

“ಕಿಕ್ ಏನ್ರಿ? ಅಂಗಡಿ ಮಾಲಿಗಿಂತ ಮೆತ್ತಗ ಇರ್ತೈತಿ. ನೀವ ಮಾಡಿದ್ದು ಅಲ್ರಿ.”

“ನಾಳೆ ಬೆಳಿಗ್ಗೆಗೆ ಐವತ್ತು ಗುಂಡು ತಯಾರಾಗ್ಬೇಕು.”

“ಆಗ್ತಾವ್ರಿ. ವೈನಿ ಹೆಂಗ್ರಿ?”

ಗೋಕಾಕದ ಕಲ್ಮೇಶ್ ಕೇಳಿದ್ದು ಲತಾಶ್ರೀಯನ್ನು. ಸ್ನೇಹಿತನ ಹೆಂಡತಿ ಅತ್ತಲಿನವರಿಗೆ ವೈನಿ. ಮೈಸೂರಿನ ಶುಭಾಳ ಕಿವಿಗೆ ಬಿದ್ದದ್ದು ಬೇರೆ.

“ಅದರ ಮಾತು ಬೇಡ ಈಗ,” ಎಂದ ಬದರಿ, ಮುಚ್ಚಿಟ್ಟ ಗುಟ್ಟಿನ ನೆನಪಾಗಿ. “ಮದ್ದು ತೂಗ್ತಿದೀನಿ, ಇಡ್ತೀನಿ.”

ಕ್ಯಾರೆಟ್ ಅಷ್ಟಕ್ಕೇ ನಿಂತಿತು. ಪಕ್ಕದ ಮನೆಯ ಶರ್ಫುನ್ನೀಸಾ ಆಂಟಿ ಶೀರ್‌ಖುರ್ಮಾದ ಪಾತ್ರೆ ಹಿಡಿದು ಒಳಬಂದಾಗ ಶುಭಾ ಫೋನಿನಲ್ಲಿ ಟೈಪ್ ಮಾಡುತ್ತಲೇ ಬಾಯಿಯಲ್ಲೂ ಹೇಳುತ್ತಿದ್ದಳು.

“ಆಂಟಿ, ಬದರಿ ಅವರು ಕೆಳಗಡೆ ಗುಂಡು ಮಾಡ್ತಿದಾರೆ! ಕಳ್ಳಭಟ್ಟಿ! ಅದಕ್ಕೆ ಮದ್ದು ಬೇರೆ ಹಾಕ್ತಿದಾರೆ! ವೈನೂ ಇದೆಯಂತೆ!”

ಶರ್ಫುನ್ನೀಸಾ ಕಲಬುರಗಿಯವರು, ಆಸ್ಪತ್ರೆಯಲ್ಲಿ ನರ್ಸಾಗಿ ಆಯುಷ್ಯ ಸವೆಸಿ ನಿವೃತ್ತರಾದವರು. ಪಾತ್ರೆ ಇಳಿಸಿ ಯೋಚಿಸಿದರು. “ಮದ್ದು ಅಂದ್ರ ಬಂದೂಕಿನ ಮದ್ದು ಇರಬೇಕವಾ. ಗುಂಡೂ ಅದರದ ಇರಬಹುದಲ್ಲ.”

“ಅಯ್ಯೋ ಆಂಟಿ, ನಮ್ ಕಡೆ ಮದ್ದು ಅಂದ್ರೆ ಔಷಧಿ. ಸಾರಾಯಿಗೆ ಕಿಕ್ ಬರಲಿ ಅಂತ ಹಾಕ್ತಾರಲ್ಲ, ಅದು. ಬದರಿ ಅವರು ಬಂದೂಕು ಹಿಡಿಯೋದಾ! ಅವರು ಬಲೂನ್ ಒಡೆದ್ರೆ ಎದೆ ಹಿಡ್ಕೊಳ್ತಾರೆ.”

ಸತ್ಯ ಅಡುಗೆಮನೆಯಲ್ಲಿ ಒಂದೇ ಸಲ ತಲೆ ಎತ್ತಿತು, ಅಲ್ಲೇ ಅದರ ತಲೆ ಕ್ಯಾರೆಟ್ಟಿನ ಜೊತೆ ತುರಿದುಹೋಯಿತು. ‘ಆಯುಧಪೂಜೆ ಊಟ’ ಎಂಬ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿತ್ತು. ಅದು ಗಂಡಸರ ಗುಂಪು ತಲುಪಲು ತಗುಲಿದ ಸಮಯದಲ್ಲಿ ಒಂದು ಲೋಟ ಕಾಫಿಯೂ ಆರುತ್ತಿರಲಿಲ್ಲ.

ಬದರಿ ಇನ್ನೂ ಹದಿನೈದು ಗುಂಡು ಮುಗಿಸಿರಲಿಲ್ಲ, ಮೆಟ್ಟಿಲ ಮೇಲೆ ಸದ್ದಾಯಿತು. ಬೆಡ್‌ಶೀಟು ಎಳೆಯುವಷ್ಟರಲ್ಲಿ ಶುಭಾಳ ಗಂಡ ಕೇಶವ್ ಎದುರು ನಿಂತಿದ್ದ. ಒಂದು ಕೈ ಬೆನ್ನ ಹಿಂದಿತ್ತು.

“ಸಾರ್, ಮುಚ್ಚಿಡೋದು ಬೇಡ. ಎಲ್ಲಾರಿಗೂ ಗೊತ್ತಾಗಿದೆ. ನೀವು ಗುಂಡು ಮಾಡ್ತಿದೀರಂತೆ.”

ಬದರಿ ಬೆಡ್‌ಶೀಟಿನ ಅಂಚನ್ನು ಇನ್ನೂ ಕೆಳಕ್ಕೆಳೆದ. “ಲತಾಗೂ ಗೊತ್ತಾ?”

“ಅವರು ಅಂಗಡಿಯಿಂದ ಬಂದಿಲ್ಲ. ಅಷ್ಟರೊಳಗೆ ನಂಗೊಂದು ಕೊಟ್ಬಿಡಿ.”

“ಒಬ್ಬರು ಕಟ್ಟಿದ್ದು ಇನ್ನೊಬ್ಬರು ಹೊಡೀಬಾರದು ಕೇಶವ್. ಅದು ನಿಯಮ.”

“ಒಂದೇ ಒಂದು ಸಾರ್. ಶುಭಾ ನಂಗೆ ಎರಡು ವರ್ಷದಿಂದ ವಾಸನೆ ಕೂಡ ತೋರಿಸಿಲ್ಲ.”

ಕೇಶವನಿಗೂ ಈ ಹುಚ್ಚಿದೆಯೆಂದು ಬದರಿಗೆ ತಿಳಿದಿರಲಿಲ್ಲ. ಮದ್ದಿನ ವಾಸನೆಗಾಗಿ ಹಂಬಲಿಸುವ ಇನ್ನೊಂದು ಜೀವ ಎದುರುಮನೆಯಲ್ಲೇ ಇತ್ತೇ! “ನಂದು ಮೂವತ್ತರದ್ದು,” ಎಂದ, ಕೋವಿಯ ಬಾಯಳತೆಯನ್ನು ನೆನೆದು. “ನೀವು ಎಷ್ಟರದ್ದು ಹೊಡೀತಿದ್ರಿ?”

“ಕಾಲೇಜಲ್ಲಿ ಅರವತ್ತು ಸಾರ್. ಈಗ ಮೂವತ್ತೇ ಸಾಕು.”

“ಅರವತ್ತಾ! ಅದು ಆನೆ ಬೇಟೆಗೆ ಹೋಗೋರದ್ದು!”

“ಆಗ ನಾನು ಆನೆ ಥರಾನೇ ಇದ್ದೆ.”

“ಸರಿ, ಎಲ್ಲಿ ಹೊಡೀತೀರಾ?”

“ಇಲ್ಲೇ.”

“ಇಲ್ಲಾ? ಮೇಲೆ ಶುಭಾ ಇದಾರೆ!”

“ಸದ್ದಿಲ್ದೆ ಹೊಡೀತೀನಿ.”

“ಸದ್ದಿಲ್ದೆ ಹೇಗ್ರೀ ಹೊಡೆಯೋಕಾಗತ್ತೆ?”

“ಒಂದೇ ಗುಟುಕು ಸಾರ್,” ಎಂದು ಕೇಶವ್ ಬೆನ್ನ ಹಿಂದಿನ ಕೈ ಮುಂದೆ ತಂದ. ಅದರಲ್ಲಿ ಸ್ಟೀಲ್ ಲೋಟವಿತ್ತು. ಬದರಿ ‘ಗುಟುಕು’ ಎಂಬ ಪದವನ್ನು ಮನಸ್ಸಿನ ನಿಘಂಟಿನಲ್ಲಿ ಹುಡುಕುತ್ತಿರುವಾಗಲೇ ಕೇಶವ್ ಸಿಂಕಿನ ತಪ್ಪಲೆಯಲ್ಲಿ ಕಂದು ಬಣ್ಣದ ದ್ರವ ಕಂಡು, ಲೋಟ ಅದ್ದಿ, ಕಣ್ಣು ಮುಚ್ಚಿ ಗಂಟಲಿಗೆ ಎರೆದುಕೊಂಡ.

“ಅಯ್ಯೋ, ಅದು ತೋಟಾ ತೊಳೆದ ನೀರು!”

ಅರ್ಧ ಉಗುಳಿದ, ಅರ್ಧ ಒಳಗೆ ಹೋಯಿತು. ಕೇಶವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ಕಣ್ಣಲ್ಲಿ ನೀರು ಬಂತು. ಆಮೇಲೆ ನಿಧಾನವಾಗಿ ನಗು ಅರಳಿತು.

“ತೋಟದ್ದಾ? ಊರಿಂದ ತರಿಸಿದ್ರಾ? ಹುಳಿ ಸಾರ್! ಒಳ್ಳೇ ಹಳೇ ಮಾಲು! ತಲೆಗೆ ಹತ್ತೇಬಿಟ್ಟಿತು.”

ಬಣ್ಣದ ನೀರನ್ನೇ ಔಷಧಿ ಎಂದು ಕೊಟ್ಟರೆ ಕೆಲವರ ಕಾಯಿಲೆ ವಾಸಿಯಾಗುತ್ತದೆ ಎಂದು ಬದರಿ ಓದಿದ್ದ. ಹುಣಸೆಹುಳಿಗೆ ಅಮಲೇರುವುದನ್ನು ಇವತ್ತೇ ಕಂಡ. ಕೇಶವ್ ಗೋಡೆಗೊರಗಿ, ಬದರಿಯ ಕೆನ್ನೆ ಸವರಿ, ‘ನೀವು ದೇವರು’ ಎಂದು ಹೇಳಿ, ಮೆಟ್ಟಿಲನ್ನು ಒಂದು ಹಿಡಿದು ಎರಡು ಬಿಟ್ಟು ಹತ್ತುತ್ತಾ ಮೇಲೆ ಹೋದ. ಮೇಲಿನಿಂದ ಅವನ ಹಾಡೂ ಶುಭಾಳ ಕಿರುಚಾಟವೂ ಒಂದೇ ಶ್ರುತಿಯಲ್ಲಿ ಕೇಳಿಬಂದವು. ಆಮೇಲೆ ಗ್ಯಾರೇಜಿನ ಬಾಗಿಲು ಏಳುವ ಸದ್ದು. ಲತಾಶ್ರೀ ಬಂದಳು.

ಬದರಿಗೆ ಆಗ ಎಲ್ಲ ತಿಳಿಯಿತು. ಇವರು ತಾನು ಹೆಂಡ ಕಾಯಿಸುತ್ತಿದ್ದೇನೆ ಎಂದುಕೊಂಡಿದ್ದಾರೆ! ಮೊದಲು ಕುಸಿದ. ಮರುಕ್ಷಣ ಅವನೊಳಗಿನ ವಿಜ್ಞಾನಿ ಎದ್ದು ಕೂತ. ಅಂದರೆ ಅಸಲು ಗುಂಡಿನ ವಿಷಯ ಇನ್ನೂ ಯಾರಿಗೂ ತಿಳಿದಿಲ್ಲ! ಆಣೆ ಇರುವುದು ಗುಂಡಿನ ಮೇಲೆ. ಕುಡಿತದ ಬಗ್ಗೆ ಮಂಜುನಾಥನಿಗೆ ತಾನೇನೂ ಮಾತು ಕೊಟ್ಟಿಲ್ಲ. ಕುಡಿದೆ ಎಂದರೆ ಹೆಂಡತಿ ನಾಲ್ಕು ದಿನ ಮಾತು ಬಿಡುತ್ತಾಳೆ. ಆಣೆ ಮುರಿದೆ ಎಂದರೆ ಕೋವಿಯೂ ಹೋಯಿತು, ಪಂದ್ಯವೂ ಹೋಯಿತು, ಸದ್ಗತಿಯೂ ಹೋಯಿತು. ಎರಡು ಕೆಡುಕುಗಳನ್ನು ತಕ್ಕಡಿಯಲ್ಲಿಟ್ಟು, ಹಗುರವಾದದ್ದನ್ನು ಆರಿಸಿಕೊಂಡ. ಪ್ರೆಸ್ಸಿನ ಮೇಲೆ ಬೆಡ್‌ಶೀಟು ಸರಿಯಾಗಿ ಹೊದಿಸಿ, ಜೀವಮಾನದ ಮೊದಲ ಸುಳ್ಳಿಗೆ ಗಂಟಲು ಸರಿಮಾಡಿಕೊಂಡು ನಿಂತ.

ಮೂವರೂ ಇಳಿದುಬಂದರು. ಮುಂದೆ ಶುಭಾ, ನಡುವೆ ಹೂವಿನ ಕವರು ಕೈಯಲ್ಲೇ ಹಿಡಿದ ಲತಾಶ್ರೀ, ಹಿಂದೆ ಮಂಡಿ ಹಿಡಿದುಕೊಂಡು ಶರ್ಫುನ್ನೀಸಾ ಆಂಟಿ.

“ನನ್ ಗಂಡನಿಗೆ ಏನು ಕುಡಿಸಿದ್ರಿ?” ಶುಭಾ ಶುರುಮಾಡಿದಳು. “ಸೋಫಾ ಮೇಲೆ ನಿಂತು ಬೂದುಗುಂಬಳಕಾಯಿಗೆ ಐ ಲವ್ ಯು ಅಂತಿದಾರೆ!”

“ಸುಮ್ನಿರವಾ. ಅಂವಗ ಒಂದ್ ಚೊಂಬು ಮಜ್ಜಿಗಿ ಕುಡಿಸಿ ಮಲಗಿಸೀನಿ,” ಎಂದರು ಆಂಟಿ. “ಏನಪಾ ಬದರಿ, ನಮ್ಮ ಮುಂದ ಸುಳ್ಳು ಹೇಳಬ್ಯಾಡ. ಕುಡೀತಿ ಏನು?”

ಲತಾಶ್ರೀ ಶುಭಾಳನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅವನನ್ನೇ ನೋಡುತ್ತಿದ್ದಳು.

ಬದರಿ ತಲೆ ಬಗ್ಗಿಸಿ, ಪಶ್ಚಾತ್ತಾಪಕ್ಕೆ ಎಷ್ಟು ಬೇಕೋ ಅಷ್ಟೇ ತೂಗಿ ದನಿ ಇಳಿಸಿದ. “ಹೌದು ಆಂಟಿ. ಕುಡೀತೀನಿ. ದಿನಾ ಇಲ್ಲೇ ಕೂತು ಕುಡೀತೀನಿ. ಈಗ ಮಾಡೋಕೂ ಕಲ್ತಿದೀನಿ.”

ಹೂವಿನ ಕವರು ನೆಲಕ್ಕೆ ಬಿತ್ತು.

“ರೀ,” ಎಂದಳು ಲತಾಶ್ರೀ. “ಮಂಜುನಾಥನ ಮೇಲೆ ಆಣೆ ಮಾಡಿದ್ರಲ್ರೀ!”

“ಆಣೆ ಮಾಡಿದ್ದು ಗುಂಡಿಗೆ ಕಣೇ!”

“ಮತ್ತೆ ಇದೇನು, ಕಷಾಯನಾ?”

ಕನ್ನಡದ ಒಂದು ಪದ ಬದರಿಯ ತಲೆಯೊಳಗೆ ನಿಧಾನವಾಗಿ ಮಗ್ಗುಲು ಬದಲಿಸಿತು.

“ಅವತ್ತು... ನೀನು ಗುಂಡು ಅಂದದ್ದು...”

“ಇನ್ಯಾವುದು? ಅಂಗಿ ತುಂಬಾ ಬಿಯರ್ ನಾತ ಹೊಡ್ಕೊಂಡು ಬಂದ್ರಿ. ಎಷ್ಟು ಹೊಡೆದ್ರಿ ಅಂದ್ರೆ ಇಪ್ಪತ್ತು ಅಂದ್ರಿ! ಮೊದಲೆರಡಕ್ಕೆ ಕೈ ನಡುಗ್ತು, ಆಮೇಲೆ ಅಭ್ಯಾಸ ಆಯ್ತು ಅಂದ್ರಿ! ಕಲ್ಮೇಶ್ ನಲವತ್ತು ಹೊಡೆದ್ರು, ಅವರ ಮುಂದೆ ನಂದೇನೂ ಅಲ್ಲ ಅಂದ್ರಿ! ಅವತ್ತೇ ನನ್ನ ಜೀವ ಅರ್ಧ ಹೋಗಿತ್ತು.”

ಬದರಿ ಹಾರಿಹೋಗಿ ಬೆಡ್‌ಶೀಟು ಕಿತ್ತೆಸೆದ. ಪ್ರೆಸ್ಸು, ತಕ್ಕಡಿ, ‘ಮದ್ದು’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿದ ಡಬ್ಬ, ಟ್ಯೂಬ್‌ಲೈಟಿಗೆ ಫಳಫಳ ಹೊಳೆಯುವ ಗುಂಡುಗಳ ಸಾಲು. “ನೋಡು! ನೋಡಿ ಆಂಟಿ! ಇದು ಕೋವಿ ಗುಂಡು! ನಾನು ಮಾಡ್ತಿರೋದು ಬರೀ ಕೋವಿ ಗುಂಡು! ಒಂದು ತೊಟ್ಟು ಕುಡಿದೋನಲ್ಲ ನಾನು! ತಪ್ಪಲೇಲಿ ಇರೋದು ಹುಣಸೆ ನೀರು!” ಮನೆಯಲ್ಲಿ ಮದ್ದುಗುಂಡು ಸಿಕ್ಕಿತೆಂದು ಇಷ್ಟು ಸಂಭ್ರಮದಿಂದ ಕೂಗಿದ ಅಪರಾಧಿ ಅವರ ಓಕ್‌ಲೆಂಡ್ ಕೌಂಟಿಯಲ್ಲಿ ಹಿಂದೆ ಇದ್ದಿರಲಿಕ್ಕಿಲ್ಲ.

“ನಾ ಹೇಳಿದ್ನಿಲ್ಲ, ಬಂದೂಕಿನ ಮದ್ದಂತ!” ಎಂದರು ಶರ್ಫುನ್ನೀಸಾ ಆಂಟಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಲತಾಶ್ರೀ ಒಂದು ಗುಂಡನ್ನು ಎತ್ತಿ ತಿರುಗಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟಳು. “ಈ ಗುಂಡು ಬೇಡ ಅಂತ ಯಾರ್ರೀ ಅಂದಿದ್ರು? ರೇಂಜಿಗೆ ಹೋಗಿ ಅಂತ ನಾನೇ ಅಂದಿದ್ನಲ್ಲ. ಕೋವಿಗೆ ಗುಂಡು ಹಾಕ್ದೆ ಇನ್ನೇನು ಗೋಲಿ ಹಾಕ್ತಾರಾ? ಕೇಳಿದ್ರೆ ಡೈನಿಂಗ್ ಟೇಬಲ್ಲೇ ಖಾಲಿ ಮಾಡಿಕೊಡ್ತಿದ್ದೆ.”

“ಹಾಗಾದ್ರೆ...” ಬದರಿಯ ಮುಖದಲ್ಲಿ ದೀಪ ಹತ್ತಿತು. “ನಾಳೆ ಪಂದ್ಯಕ್ಕೆ...”

“ನಾಳೆ? ದಿನಾ ಕೂತು ಕುಡೀತೀನಿ ಅಂತ ಈಗ ತಾನೆ ಮೂರು ಜನರ ಮುಂದೆ ಒಪ್ಕೊಂಡ್ರಿ. ಕುಡುಕನ ಕೈಗೆ ಕೋವಿ ಕೊಡೋಷ್ಟು ಬುದ್ಧಿ ಕೆಟ್ಟಿಲ್ಲ ನಂಗೆ.”

“ಅದು ಸುಳ್ಳು ಹೇಳಿದ್ದು!”

“ಮದುವೆ ಆದಾಗಿಂದ ನೀವು ಸುಳ್ಳು ಹೇಳಿದ್ದು ನಾನು ನೋಡಿಲ್ಲ.”

ಹದಿನೆಂಟು ವರ್ಷ ಜೋಪಾನವಾಗಿ ಕೂಡಿಟ್ಟ ಸತ್ಯಸಂಧತೆ ಹೀಗೆ ಒಂದೇ ಏಟಿಗೆ ಅವನ ಮೇಲೇ ತಿರುಗಿ ಹಾರಿತು. ಶುಭಾ ತನ್ನ ಪಾಲಿನ ಸೌದೆ ಒಡ್ಡಿದಳು: “ಹುಣಸೆ ನೀರು ಕುಡಿದು ಯಾರಾದ್ರೂ ಸೋಫಾ ಹತ್ತಿ ಕುಣೀತಾರಾ, ಲತಾ?” ಇದಕ್ಕೆ ಬದರಿಯ ಬಳಿ ಉತ್ತರವಿತ್ತು. ಆದರೆ ನಂಬಿಕೆಯಿಂದಲೇ ಅಮಲೇರುವ ಬಗೆಯನ್ನು ಕುಡುಕನೆಂದು ಸಾಬೀತಾದವನ ಬಾಯಿಂದ ಯಾರು ಕೇಳುತ್ತಾರೆ?

ಸಂಜೆ ಪೂಜೆ ಸಾಂಗವಾಗಿ ನಡೆಯಿತು. ಪ್ರೆಸ್ಸಿಗೂ ತಕ್ಕಡಿಗೂ ಲತಾಶ್ರೀ ಕುಂಕುಮ ಹಚ್ಚಿ, ಹೂವಿಟ್ಟು, ಗಂಡನ ಮನೆಗೆ ಕಳಿಸುವ ಮಗಳಂತೆ, ಆಗಷ್ಟೇ ಬಂದಿಳಿದ ಕಲ್ಮೇಶನ ಕಾರಿಗೆ ಹಾಕಿಸಿದಳು. ಕಲ್ಮೇಶ್ “ವೈನಿ, ಇವರು ಶರಬತ್ ಬಿಟ್ಟು ಬ್ಯಾರೆ ಮುಟ್ಟಂಗಿಲ್ರಿ” ಎಂದು ಸ್ನೇಹಿತನ ಪರ ನಿಂತ. “ನಲವತ್ತು ಹೊಡೆಯೋರು ನೀವು, ಇನ್ನೇನು ಹೇಳ್ತೀರಾ” ಎಂದಳು ಅವಳು. ಅವನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದ. ಎಲ್ಲ ಕೇಳಿಸಿಕೊಂಡ ಸಿಯಾ ಮಾತ್ರ ಅಪ್ಪನ ಪಕ್ಕ ಬಂದು, “ಡ್ಯಾಡ್, ಯು ಕುಡ್ ಹ್ಯಾವ್ ಜಸ್ಟ್ ಸೆಡ್ ಬುಲೆಟ್ಸ್” ಎಂದಳು. ಡಿಕ್ಷನರಿ ಅಂಕಲ್ ಅವಳನ್ನು ತಿದ್ದಲು ಬಾಯಿ ತೆರೆದ. ತಿದ್ದುವಂಥದ್ದೇನೂ ಕಾಣದೆ ಮುಚ್ಚಿಕೊಂಡ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕ್ಲಬ್ಬಿನಲ್ಲಿ ಮೊದಲ ಗುಂಡು ಹಾರುವ ಹೊತ್ತಿಗೆ ಬದರಿ ಲೈಬ್ರರಿಯ ಸಣ್ಣ ಹಾಲಿನಲ್ಲಿ, ವೃತ್ತಾಕಾರವಾಗಿ ಜೋಡಿಸಿದ ಕುರ್ಚಿಗಳಲ್ಲಿ ಒಂದರ ಮೇಲೆ ಕೂತಿದ್ದ. ಶರ್ಫುನ್ನೀಸಾ ಆಂಟಿಯ ಮಗ ಡಾಕ್ಟರ್ ಮುಯೀನ್ ಕುಡಿತ ಬಿಡುವ ಕನ್ನಡಿಗರಿಗಾಗಿ ವಾರವಾರವೂ ನಡೆಸುವ ಕೂಟ ಅದು. ಸೀಟು ಕಾಯ್ದಿರಿಸಿದವರು ಆಂಟಿ. ಬಾಗಿಲ ಬಳಿ ಲತಾಶ್ರೀಯೂ ಶುಭಾಳೂ ಕಾವಲು. ಬದರಿಯ ಪಕ್ಕದ ಕುರ್ಚಿಯಲ್ಲಿ ಮಜ್ಜಿಗೆಯಿಂದ ಬಿಳಿಚಿಕೊಂಡ ಕೇಶವ್.

“ಅಂಕಲ್, ಹೆದ್ರಬೇಡಿ,” ಎಂದ ಮುಯೀನ್ ತನ್ನ ಅಮೆರಿಕದ ಕನ್ನಡದಲ್ಲಿ. “ಇಲ್ಲಿ ಯಾರೂ ಜಡ್ಜ್ ಮಾಡಲ್ಲ.”

“ಡಾಕ್ಟ್ರೇ, ನಾನು ಕುಡಿಯೋದೇ ಇಲ್ಲ.”

ವೃತ್ತದಲ್ಲಿದ್ದವರೆಲ್ಲ ಅಕ್ಕರೆಯಿಂದ ತಲೆಯಾಡಿಸಿದರು. ಎಲ್ಲರೂ ಮೊದಲ ವಾರ ಅದನ್ನೇ ಹೇಳಿದವರು.

“ಓಕೆ ಅಂಕಲ್. ಹಾಗಾದ್ರೆ ಬೇಸ್‌ಮೆಂಟಲ್ಲಿ ದಿನಾ ಏನ್ ಮಾಡ್ತಿದ್ರಿ?”

ಮದ್ದು ತೂಗಿ ಗುಂಡು ಕಟ್ಟುತ್ತಿದ್ದೆ ಎಂಬ ಉತ್ತರ ನಾಲಿಗೆಯ ತುದಿಯವರೆಗೆ ಬಂತು. ಸುತ್ತಲಿನ ಅಪರಿಚಿತ ಮುಖಗಳನ್ನೂ, ಯಾರಾದರೂ ಪೊಲೀಸರನ್ನು ಕರೆಯಬಹುದಾದ ಗೋಡೆಯ ಫೋನನ್ನೂ, ಬಾಗಿಲ ಬಳಿಯ ಹೆಂಡತಿಯನ್ನೂ ಬದರಿ ನೋಡಿದ. ಉತ್ತರವನ್ನು ನುಂಗಿಕೊಂಡ.

“ಫೈನ್. ಒಂದೇ ಕ್ವೆಶ್ಚನ್,” ಎಂದ ಮುಯೀನ್ ಮೃದುವಾಗಿ. “ಫಸ್ಟ್ ಡೇ, ಎಷ್ಟು ಹೊಡೆದ್ರಿ? ಬಿ ಆನೆಸ್ಟ್.”

ಪ್ರಾಮಾಣಿಕತೆಯ ಮಾತು ಬಂದರೆ ಬದರಿಗೆ ಬೇರೆ ದಾರಿಯೇ ಇರಲಿಲ್ಲ.

“ಇಪ್ಪತ್ತು,” ಎಂದ.

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಲತಾಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಪ್ಪಾಳೆಯ ಮರೆಯಲ್ಲಿ ಕೇಶವ್ ಬದರಿಯ ಕಿವಿಯತ್ತ ಬಾಗಿದ.

“ಸಾರ್, ನಿನ್ನೆಯ ಆ ಹುಳಿ ಮಾಲು, ತಪ್ಪಲೇಲಿ ಇನ್ನೂ ಸ್ವಲ್ಪ ಉಳಿದಿದೆಯಾ?”